ಮೊದಲು ಕೇಳುವ ಪ್ರಶ್ನೆ

ಸತತ ನಾಲ್ಕನೇ ದಿನವೂ ಅವನು ಕ್ಯಾಮೆರಾ ಅಂಗಡಿಗೆ ಬಂದ. ಐವತ್ತು ಎಂಎಂ ಲೆನ್ಸ್‌ನಲ್ಲಿ ಆಟೋಫೋಕಸ್ ಕೊಳ್ಳುವುದೋ ಮ್ಯಾನುಯಲ್ ಕೊಳ್ಳುವುದೋ, ಇನ್ನೂ ತೀರ್ಮಾನವಾಗಿರಲಿಲ್ಲ.

ಅಂಗಡಿಯವರ ಮಗಳು ತಮ್ಮದೇ ಕ್ಯಾಮೆರಾಕ್ಕೆ ಆಟೋಫೋಕಸ್ ಲೆನ್ಸ್ ಹಾಕಿ ಕೊಟ್ಟಳು. ಅವನು ಅದನ್ನು ಅವಳ ಮುಖಕ್ಕೆ ಹಿಡಿದದ್ದೇ ತಡ, ಟಕ್ಕಂತ ಫೋಟೋ ಬಂತು.

"ಇದು ಬೇಡ. ತುಂಬಾ ಬೇಗ ಮುಗಿದುಹೋಗುತ್ತೆ."

ಅವಳು ಮ್ಯಾನುಯಲ್ ಹಾಕಿ ಕೊಟ್ಟಳು. ಅವನು ರಿಂಗನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಹತ್ತು ನಿಮಿಷವಾಯಿತು.

"ಫೋಕಸ್ ಬಂತಾ?"

"ಬಂದಿತ್ತು. ನೀವು ನಕ್ಕಿರಿ, ಹೋಯ್ತು."

"ಸರಿ, ಇನ್ನು ನಗಲ್ಲ," ಎಂದವಳು ಇನ್ನೂ ಜೋರಾಗಿ ನಕ್ಕಳು.

ನಗು ಕೇಳಿ ಅವಳ ಅಪ್ಪ ಒಳಗಿನಿಂದ ಬಂದರು. ಲೆನ್ಸ್ ಕೊಳ್ಳಲು ಯಾರೇ ಬಂದರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು. "ನಿಮ್ಮ ಹತ್ರ ಇರೋದು ಯಾವ ಕ್ಯಾಮೆರಾ ಸಾರ್?"

ಅವನು ಕ್ಯಾಮೆರಾವನ್ನು ಮೆಲ್ಲಗೆ ಕೆಳಗಿಟ್ಟ. "ನನ್ನ ಹತ್ರ... ಕ್ಯಾಮೆರಾನೇ ಇಲ್ಲ."

ಅಪ್ಪ ಮಗಳತ್ತ ತಿರುಗಿದರು. "ನಾಲ್ಕು ದಿನದಿಂದ ಲೆನ್ಸ್ ತೋರಿಸ್ತಿದೀಯ. ಇದೊಂದು ಕೇಳಬಾರದಿತ್ತಾ?"

"ಕೇಳಿದ್ದಿದ್ರೆ ಮೊದಲನೇ ದಿನಾನೇ ಹೊರಟುಹೋಗ್ತಿದ್ರಲ್ಲಪ್ಪಾ!"