ಯಾರಿಗೂ ಎದ್ದು ನಿಲ್ಲದ ದೇಶ

"ಇನ್ನ ಮ್ಯಾಲ ನಮ್ಮ ದೇಶ ಯಾರಿಗೂ ಎದ್ದ ನಿಂದರಂಗಿಲ್ಲ. ಅಮೆರಿಕಾ ಬರಲಿ, ಚೀನಾ ಬರಲಿ, ನಮ್ಮನ್ನ ನೋಡಿ ಅವರ ಏಳಬೇಕು. ಬರದಿಟ್ಕೊ ಮುದಕಪ್ಪಾ, ಇಪ್ಪತ್ತ ವರ್ಷ!" ಎಂದರು ಚನಬಸಪ್ಪನವರು, ದೋಣಿಯ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು.

ಅವರದು ಹಳಿಯಾಳದಲ್ಲಿ ಗೊಬ್ಬರದ ಅಂಗಡಿ. ಈಗ ಕೂತದ್ದು ಗಣೇಶಗುಡಿಯ ಕಾಳಿ ಹೊಳೆಯಲ್ಲಿ, ರಬ್ಬರ್ ದೋಣಿಯ ಅಂಚಿನ ಮೇಲೆ. ಮಾತು ಮಾತ್ರ ಅಂಗಡಿಯ ಗಾದಿಯ ಮೇಲೆ ಕೂತಂತೆಯೇ ಸಾಗಿತ್ತು.

"ಬರಕೊಳ್ಳಾಕ ಕೈ ಎಲ್ಲಿ ಖಾಲಿ ಅದಾವ್ರಿ ಸಾವ್ಕಾರ್ರ? ನಿಮ್ಮ ಪಾಲಿಂದೂ ನಾನ ಹುಟ್ಟ ಹಾಕಾಕತ್ತೇನಿ," ಎಂದ ಗೆಳೆಯ ಮುದಕಪ್ಪ.

"ಕಾಕಾ, ದೇಶ ಹೆಂಗರ ಮುಂದ ಹೋಗ್ತೈತ್ರಿ. ದೋಣಿ ಹೋಗಂಗಿಲ್ಲ. ಹುಟ್ಟ ಹಾಕ್ರಿ," ಎಂದು ಹಿಂದಿನಿಂದ ಸ್ವಪ್ನಾ ಕೂಗಿದಳು.

ದಾಂಡೇಲಿಯ ಮಿಲ್ ಕಾರ್ಮಿಕನ ಮಗಳು ಸ್ವಪ್ನಾ. ದೋಣಿ ನಡೆಸುವ ಕೆಲಸಕ್ಕೆ ಇವತ್ತು ಅವಳ ಪರೀಕ್ಷೆ. ದಡದ ಬಂಡೆಯ ಮೇಲೆ ನಿಂತು ನೋಡುತ್ತಿದ್ದ ಮಾಲೀಕ ಮಹಾಬಳೇಶ್ವರ ಬೆಳಿಗ್ಗೆ ಹೇಳಿದ್ದು ಒಂದೇ ಮಾತು: "ಒಬ್ಬರು ನೀರಿಗೆ ಬಿದ್ದರೂ ನಾಳಿಂದ ಬರಬ್ಯಾಡ."

"ದೊಡ್ಡ ದೇಶದವರು ತಾವು ಹುಟ್ಟ ಹಾಕಂಗಿಲ್ಲವ್ವಾ, ಹಾಕಸ್ತಾರ," ಎಂದರು ಚನಬಸಪ್ಪನವರು.

"ಹಂಗಾದ್ರ ಗಟ್ಟಿ ಹಿಡಕೊಂಡ ಕುಂದರ್ರಿ. ಏನ ಆದ್ರೂ ಏಳಬ್ಯಾಡ್ರಿ."

"ಇಷ್ಟೊತ್ತನಕಾ ನಾ ಮತ್ತೇನ ಹೇಳಾಕತ್ತೇನಿ?"

ನೀರು ಧುಮುಕುವ ಜಾಗ ಬಂತು. ದೋಣಿ ಎರಡು ಸಲ ಕುಪ್ಪಳಿಸಿ, ಒಂದು ಸುತ್ತು ತಿರುಗಿ, ಕೊನೆಗೆ ಶಾಂತವಾದ ಮಡುವಿಗೆ ಇಳಿಯಿತು. ಯಾರೂ ಬಿದ್ದಿರಲಿಲ್ಲ. ಸ್ವಪ್ನಾ ಉಸಿರು ಬಿಟ್ಟಳು. ಅಷ್ಟರಲ್ಲಿ ಇನ್ನೊಂದು ದೋಣಿ ಪಕ್ಕಕ್ಕೆ ಬಂತು. ಅದರ ಮುಂದಿನ ಸಾಲಿನಲ್ಲಿ, ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ ಕೂತಿದ್ದವರು ಮುಂಡಗೋಡದ ಬೀಗರು. ಚನಬಸಪ್ಪನವರ ಮಗಳು ನಿರ್ಮಲಾಳ ಮಾವ.

ಮಗಳ ಮದುವೆಯಾಗಿ ಆರು ವರ್ಷ. ಈ ಬೀಗರು ಎದುರು ಬಂದಾಗ ಚನಬಸಪ್ಪನವರು ಕೂತೇ ಇದ್ದದ್ದು ಒಮ್ಮೆಯೂ ಇಲ್ಲ. ಊಟದ ನಡುವೆ ಎದ್ದಿದ್ದಾರೆ. ದವಾಖಾನೆಯಲ್ಲಿ ಕೈಗೆ ಸಲಾಯಿನ್ ಹಚ್ಚಿದ್ದಾಗಲೂ ಎದ್ದಿದ್ದಾರೆ.

"ಅಯ್ಯ, ಶರಣ್ರೀ ಬೀಗರ!" ಎಂದು ಎರಡೂ ಕೈ ಜೋಡಿಸಿ ಎದ್ದು ನಿಂತರು.

ಬೀಗರ ಮರ್ಯಾದೆ ರಬ್ಬರ್ ದೋಣಿಗೇನು ಗೊತ್ತು? ಜೋಡಿಸಿದ ಕೈ ಜೋಡಿಸಿದ ಹಾಗೇ, ಚನಬಸಪ್ಪನವರು ನೀರಿನಲ್ಲಿದ್ದರು.

ಸ್ವಪ್ನಾ ಲೈಫ್ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು, ಅಂಚಿಗೆ ಮೊಳಕಾಲು ಕೊಟ್ಟು ಎಳೆದಳು. ಯೂರಿಯಾ ಚೀಲದಂತೆ ಅವರು ಒಳಗೆ ಬಂದು ಬಿದ್ದರು.

"ಏ ಸ್ವಪ್ನಾ, ಬಿದ್ದರಲ್ಲ ಅವರು!" ಬಂಡೆಯ ಮೇಲಿಂದ ಮಹಾಬಳೇಶ್ವರನ ದನಿ ಬಂತು. ಸ್ವಪ್ನಾ ಹುಟ್ಟನ್ನು ಕೆಳಗಿಟ್ಟಳು.

ಚನಬಸಪ್ಪನವರು ಬಂಡೆಯ ಕಡೆ ನೋಡಿದರು. ಬೀಗರ ಕಡೆ ನೋಡಿದರು. ಬೀಗರ ಮೀಸೆ ಆಗಲೇ ನಗಲು ಸಜ್ಜಾಗಿತ್ತು. ಚನಬಸಪ್ಪನವರು ಬಾಯೊಳಗಿನ ನೀರು ಉಗುಳಿ, ಗಂಟಲು ಸರಿಮಾಡಿಕೊಂಡರು.

"ಯಾವಾಂವ ಬಿದ್ದಾಂವ? ನಾನ ಜಿಗದೇನಿ! ಈ ಹುಡುಗಿ ಎಷ್ಟ ಚುರುಕ ಅದಾಳ ನೋಡೂಣು ಅಂತ ಜಿಗದೆ. ಪಾಸ್ ಆದ್ಲು!"

"ಕೈ ಮುಗದ ಜಿಗದ್ರಲ್ರಿ?" ಎಂದ ಮುದಕಪ್ಪ.

"ಹೊಳಿಗೆ ಮುಗದೆ. ನೀ ಸುಮ್ನ ಹುಟ್ಟ ಹಾಕ."

"ಹಿಂಗ ಜಿಗಿಯೂದು ಕಲತ್ರ ಅಮೆರಿಕಾ ಅಂಜೂದ ಖರೆ," ಎಂದು ಮುದಕಪ್ಪ ಹೊಳೆಗೇ ಹೇಳಿದ.

ಮಹಾಬಳೇಶ್ವರ ತಲೆ ಕೆರೆದುಕೊಂಡ. "ಹಂಗಾರ ನಾಳೆ ಏಳಕ್ಕ ಬಾ ಸ್ವಪ್ನಾ," ಎಂದು ಕೂಗಿದ.

ಬೀಗರ ನಗೆ ಅಲ್ಲಿಗೇ ನಿಂತಿತ್ತು. "ಈ ವಯಸ್ಸಿನ್ಯಾಗ ಜಿಗದ್ರಿ ಅನ್ರಿ?"

"ಅದರಾಗೇನೈತ್ರೀ ಬೀಗರ! ನಮ್ಮ ಹಳಿಯಾಳದಾಗ ಎಲ್ಲಾರೂ ಜಿಗೀತಾರ."

ಬೀಗರು ನೀರನ್ನು ನೋಡಿದರು. ತಮ್ಮ ದೋಣಿಯಲ್ಲಿದ್ದ ಮುಂಡಗೋಡದವರ ಮುಖ ನೋಡಿದರು. ಎಷ್ಟಾದರೂ ಗಂಡಿನ ಕಡೆಯವರು. ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡು, ಕಣ್ಣು ಮುಚ್ಚಿ, ಎರಡು ಬೆರಳಿನಲ್ಲಿ ಮೂಗು ಹಿಡಿದು, ಅವರೂ ಜಿಗಿದರು.