ಬೊಳ್ಳನ ಬೆನ್ನು

ಅಂಗೈ ಇಟ್ಟರೆ ಗಾಯದ ಒಂದು ಪಾಲು ನನ್ನ ಮೈಗೆ ಬರುತ್ತದೆ, ಆದರೆ ಅಷ್ಟಕ್ಕೇ ನಾನು ಇವರವನಾಗುತ್ತೇನೆಯೇ? ಅನುಮಾನಿಸುತ್ತಲೇ ಪಟ್ಟಣದಿಂದ ಬಂದಿದ್ದ ನಿರಂಜನ ಬೊಳ್ಳನ ಬೆನ್ನಿನತ್ತ ಕೈ ಚಾಚಿದ. ಕಾಡು ನಮ್ಮದು, ನಾವೇ ನೋಡಿಕೊಳ್ಳುತ್ತೇವೆ ಎಂದದ್ದಕ್ಕೆ ಬಿದ್ದ ಲಾಠಿಯೇಟಿನ ಬಾಸುಂಡೆಗಳು ಇನ್ನೂ ಹಸಿಯಾಗಿದ್ದವು.

ಬೊಳ್ಳನ ಹೆಂಡತಿ ಕೆಂಪಿ ಅವನ ಕೈ ತಳ್ಳಿದಳು. "ಮುಟ್ಬೇಡಿ ಸಾರ್. ಹೋದ್ಸಲ ನಿಮ್ಮಂಥೋರು ಬಸ್ ತುಂಬ ಬಂದು ಒಂದೊಂದು ಪಾಲು ತಗೊಂಡೋದ್ರು. ಕೋರ್ಟಲ್ಲಿ ತೋರ್ಸಿದ್ರೆ ಬೆನ್ನು ನುಣ್ಣಗಿತ್ತು. ಹೊಡೆದೋರು ನಗ್ತಾ ಮನೆಗೋದ್ರು."

ಹಾಡಿಯ ಗುಡಿಸಲುಗಳ ಮುಂದೆ ಜೀಪಿಗೆ ಒರಗಿದ್ದ ಅರಣ್ಯ ಇಲಾಖೆಯ ಸಾಹೇಬರು ನಗುತ್ತಾ ಕೂಗಿದರು: "ಪಾಪ, ತಗೊಳ್ಳಲಿ ಬಿಡಮ್ಮ. ಪುಣ್ಯ ಬರುತ್ತೆ."

"ನೀವೇ ತಗೊಳ್ಳಿ ಸ್ವಾಮಿ, ನೀವು ಕೊಟ್ಟಿದ್ದೇ ಅಲ್ವಾ?"

ಸಾಹೇಬರ ನಗೆ ನಿಂತಿತು.

ಮರುದಿನ ವಿಚಾರಣೆಯಿತ್ತು. ಬೊಳ್ಳ ಹಲ್ಲು ಕಚ್ಚಿ ಬೋರಲು ಮಲಗಿದ್ದ. ಹೆತ್ತ ಮಗಳಿಗೂ ಬೆನ್ನು ಮುಟ್ಟಗೊಟ್ಟಿರಲಿಲ್ಲ.

"ಅಷ್ಟು ಕನಿಕರ ಇದ್ರೆ ನಾಳೆ ಬಂದು ಕಣ್ಣಾರೆ ಕಂಡಿದ್ದು ಹೇಳಿ," ಎಂದಳು ಕೆಂಪಿ. "ನೆನ್ನೆ ನೀವೂ ಅಲ್ಲೇ ನಿಂತಿದ್ರಲ್ಲ."

ನಿರಂಜನ ಜೀಪಿನತ್ತ ನೋಡಿ ಕೈಯನ್ನು ಜೇಬಿಗಿಳಿಸಿದ.

ಲಾಠಿ ಎತ್ತಿದ್ದು ಈ ಸಾಹೇಬರೇ ಎಂದು ಅವನು ಆವತ್ತೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ.