ನೋವು ಭರಿಸುವ ಶಕ್ತಿ

ನಿರ್ದೇಶಕರ ಬಡ್ತಿಗೆಂದು ಕಚೇರಿಯಿಂದ ಹೋದ ಅಭಿನಂದನಾ ಪತ್ರ, ‘ಈ ನೋವು ಭರಿಸುವ ಶಕ್ತಿಯನ್ನು ದೇವರು ತಮ್ಮ ಕುಟುಂಬಕ್ಕೆ ಕರುಣಿಸಲಿ’ ಎಂದು ಮುಗಿದಿತ್ತು. ನಿರ್ದೇಶಕರು ಫೋನಿನಲ್ಲೇ ಸಾಹೇಬರ ಬೆವರಿಳಿಸಿದರು. ಸಾಹೇಬರು ಟೈಪಿಸ್ಟ್ ಭಾಗೀರಥಿಯನ್ನು ಎಲ್ಲರೆದುರು ನಿಲ್ಲಿಸಿಕೊಂಡರು.

“ಕಣ್ಣು ಎಲ್ಲಿಟ್ಟಿದ್ರಿ?”

“ಸಂತಾಪದ ಹಳೇ ಪತ್ರಾನೇ ಇಟ್ಕೊಳ್ಳಿ, ಬೇಕಾದ್ದಷ್ಟೇ ಬದಲಾಯಿಸಿ ಅಂದವರು ನೀವೇ ಸಾರ್. ಸಹಿ ಹಾಕಿದ್ದೂ ನೀವೇ.”

“ದಿನಕ್ಕೆ ನೂರು ಕಾಗದ ಬರುತ್ತೆ. ಎಲ್ಲಾ ಓದ್ಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ? ನಿಮ್ಮಂಥೋರನ್ನ ಇಟ್ಕೊಂಡು ನನ್ನ ಮಾನ ಹೋಯ್ತು! ನಿರ್ದೇಶಕರಿಗೆ ಇವತ್ತೇ ನಿಮ್ಮ ಹೆಸರಲ್ಲಿ ತಪ್ಪೊಪ್ಪಿಗೆ ಹೋಗ್ಬೇಕು. ಕೂತ್ಕೊಳ್ಳಿ. ನಾನು ಹೇಳ್ತೀನಿ, ಒಂದಕ್ಷರ ಬಿಡದೆ ಟೈಪ್ ಮಾಡಿ.”

ಅಕ್ಕಪಕ್ಕದ ಮೇಜಿನವರು ಫೈಲುಗಳೊಳಗೆ ತಲೆ ಹುದುಗಿಸಿಕೊಂಡರು. ಭಾಗೀರಥಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕಂಪ್ಯೂಟರಿನ ಮುಂದೆ ಕೂತಳು.

“ಈ ತಪ್ಪು ಪೂರ್ತಿ ನನ್ನದು. ನಾನು ಸೋಮಾರಿ. ಓದಿ ನೋಡುವ ವ್ಯವಧಾನ ನನಗಿಲ್ಲ. ಈ ಹುದ್ದೆಗೆ ನಾನು ಲಾಯಕ್ಕಲ್ಲ. ಆಯ್ತಾ?”

“ಆಯ್ತು ಸಾರ್.”

ಸಂಜೆ ಸಹಿಗೆ ಹೋದ ಕಾಗದಗಳ ಕಟ್ಟಿನಲ್ಲಿ ಅದೂ ಇತ್ತು. ಸಾಹೇಬರು ಯಾರೊಂದಿಗೋ ಫೋನಿನಲ್ಲಿ ನಗುತ್ತ, ಎಂದಿನಂತೆ ಸರಸರನೆ ಅಷ್ಟಕ್ಕೂ ಸಹಿ ಎಳೆದರು. ಟಪಾಲು ಹೊರಟಿತು.

ಈ ಸಲವೂ ಭಾಗೀರಥಿ ಹಳೆಯ ಪತ್ರವನ್ನೇ ಇಟ್ಟುಕೊಂಡಿದ್ದಳು. ಕೆಳಗಿದ್ದ ಸಾಹೇಬರ ಹೆಸರನ್ನು ಮಾತ್ರ ಬದಲಾಯಿಸಿರಲಿಲ್ಲ.